ಡಲ್ಲಾಸೋ, ಹ್ಯೂಸ್ಟನ್ನೋ? ಎರಡನೇ ಕೆಲಸದ ಲೆಕ್ಕಾಚಾರ

ಈಗಷ್ಟೇ ಮಾಸ್ಟರ್ಸ್ ಮುಗಿಸಿದವರ ಕೈಗೋ, ಕ್ಯಾಲಿಫೋರ್ನಿಯಾದ ಬಾಡಿಗೆ ಕಟ್ಟಿ ಸುಸ್ತಾದವರ ಕೈಗೋ ಟೆಕ್ಸಾಸ್‌ನ ಡಲ್ಲಾಸ್ ಮತ್ತು ಹ್ಯೂಸ್ಟನ್‌ನಿಂದ ಎರಡು ಕೆಲಸದ ಆಫರ್ ಒಟ್ಟಿಗೆ ಬಂದರೆ ಮೊದಲು ಕೇಳಿಬರುವ ಮಾತು ಒಂದೇ: ‘ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಮನೆಯೂ ಅಗ್ಗ.’ ಮಾತೇನೋ ನಿಜ. ಆದರೆ ಅದರಿಂದ ಟೆಕ್ಸಾಸ್‌ಗೆ ಬರಬೇಕೋ ಬೇಡವೋ ಎಂಬುದಷ್ಟೇ ತೀರ್ಮಾನವಾಗುತ್ತದೆ. ಆದಾಯ ತೆರಿಗೆ ಡಲ್ಲಾಸ್‌ನಲ್ಲೂ ಇಲ್ಲ, ಹ್ಯೂಸ್ಟನ್‌ನಲ್ಲೂ ಇಲ್ಲ. ಅಂಗಡಿಯಲ್ಲಿ ಕೊಡುವ ಮಾರಾಟ ತೆರಿಗೆ ಎರಡೂ ಕಡೆ 8.25 ಶೇಕಡಾ. ಕಾರಿಲ್ಲದಿದ್ದರೆ ಎರಡೂ ಕಡೆ ಕೈಕಾಲು ಕಟ್ಟಿದಂತೆ. ಬೇಸಿಗೆ ಎರಡೂ ಕಡೆ ಸುಡುತ್ತದೆ. ನಡುವಿನ ದೂರ ಐ-45 ಹೆದ್ದಾರಿಯಲ್ಲಿ ಸುಮಾರು 240 ಮೈಲಿ, ಅಂದರೆ 385 ಕಿಲೋಮೀಟರ್. ಹೆಚ್ಚೂಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು. ಈ ದೂರಕ್ಕೆ ಬುಲೆಟ್ ರೈಲು ಹಾಕುವ ಯೋಜನೆ ವರ್ಷಗಳಿಂದ ಕಾಗದದ ಮೇಲೇ ಇದೆ. ಒಂದೂರಲ್ಲಿ ಮನೆ, ಇನ್ನೊಂದೂರಲ್ಲಿ ಕೆಲಸ ಎಂಬುದು ಆಗದ ಮಾತು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನ್ನ ಮಟ್ಟಿಗೆ ಅದು ಮೊದಲ ಕೆಲಸದಲ್ಲಿಲ್ಲ, ಎರಡನೇ ಕೆಲಸದಲ್ಲಿದೆ. ಮೊದಲ ಕೆಲಸ ಈಗಾಗಲೇ ಕೈಯಲ್ಲಿದೆ. ಅದು ಹೋದ ದಿನ, ಅಥವಾ ನಿಮಗೇ ಸಾಕೆನಿಸಿದ ದಿನ, ಮನೆ ಬದಲಿಸದೆ ಇನ್ನೆಷ್ಟು ಬಾಗಿಲು ತಟ್ಟಬಹುದು ಎನ್ನುವುದರ ಮೇಲೆ ಊರು ಆರಿಸಬೇಕು. ಅದಾದ ಮೇಲೆ ನೀರು ಮತ್ತು ರಸ್ತೆ. ಉಳಿದದ್ದೆಲ್ಲ ರುಚಿಯ ವಿಷಯ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. 2020ರ ಜನಗಣತಿಯಲ್ಲಿ ಹ್ಯೂಸ್ಟನ್ ನಗರದ ಜನಸಂಖ್ಯೆ 23 ಲಕ್ಷ, ಡಲ್ಲಾಸ್‌ನದು 13 ಲಕ್ಷ. ಇದನ್ನು ನೋಡಿ ಹ್ಯೂಸ್ಟನ್ ದೊಡ್ಡದು ಎಂದುಕೊಂಡರೆ ಎಡವುತ್ತೀರಿ. ಸುತ್ತಲಿನ ಊರುಗಳನ್ನೂ ಸೇರಿಸಿದರೆ ಡಲ್ಲಾಸ್–ಫೋರ್ಟ್‌ವರ್ತ್ ಪ್ರದೇಶದಲ್ಲಿ 76 ಲಕ್ಷ, ಹ್ಯೂಸ್ಟನ್ ಪ್ರದೇಶದಲ್ಲಿ 71 ಲಕ್ಷ. ಎರಡೂ ಆಮೇಲೆ ಇನ್ನೂ ಬೆಳೆದಿವೆ. ಹ್ಯೂಸ್ಟನ್ ತನ್ನ ಸುತ್ತಲಿನ ಜಾಗವನ್ನೆಲ್ಲ ನಗರದೊಳಕ್ಕೆ ಎಳೆದುಕೊಳ್ಳುತ್ತಾ ಹಿಗ್ಗಿತು. ಡಲ್ಲಾಸ್ ಸುತ್ತಲಿನ ಪ್ಲೇನೋ, ಅರ್ವಿಂಗ್, ರಿಚರ್ಡ್‌ಸನ್, ಫ್ರಿಸ್ಕೋಗಳು ತಮ್ಮದೇ ಮೇಯರ್, ತಮ್ಮದೇ ಪೊಲೀಸರನ್ನು ಇಟ್ಟುಕೊಂಡು ಬೇರೆ ಊರುಗಳಾಗಿಯೇ ಉಳಿದವು. ಆಫರ್ ಲೆಟರ್‌ನಲ್ಲಿ ‘ಡಲ್ಲಾಸ್’ ಎಂದಿದ್ದರೂ ಆಫೀಸು ಪ್ಲೇನೋದಲ್ಲೋ ವೆಸ್ಟ್‌ಲೇಕ್‌ನಲ್ಲೋ ಇರಬಹುದು. ‘ಹ್ಯೂಸ್ಟನ್’ ಎಂದದ್ದು ಉತ್ತರದ ಸ್ಪ್ರಿಂಗ್‌ನಲ್ಲಿರಬಹುದು. ಎಚ್‌ಆರ್‌ನವರನ್ನು ಮೊದಲು ಕೇಳಬೇಕಾದದ್ದು ಆಫೀಸಿನ ಪಿನ್‌ಕೋಡ್. ಅಲ್ಲಿಯವರು ಜಿಪ್ ಕೋಡ್ ಎನ್ನುತ್ತಾರೆ.

ಡಲ್ಲಾಸ್‌ನ ಬಲ ಅದರ ಹರವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪ್ರಯೋಗಾಲಯದಲ್ಲಿ 1958ರಲ್ಲಿ ಜ್ಯಾಕ್ ಕಿಲ್ಬಿ ಇಂಟಿಗ್ರೇಟೆಡ್ ಸರ್ಕ್ಯೂಟ್, ಅಂದರೆ ಈಗ ನಾವು ಚಿಪ್ ಎನ್ನುವುದನ್ನು, ಮಾಡಿ ತೋರಿಸಿದ್ದು ಇಲ್ಲೇ. ಅದೇ ಕಂಪನಿಯ ಸ್ಥಾಪಕರು ಎಂಜಿನಿಯರುಗಳು ಸಿಗುತ್ತಿಲ್ಲವೆಂದು ಶುರು ಮಾಡಿದ ಸಂಶೋಧನಾ ಕೇಂದ್ರ 1969ರಲ್ಲಿ ಯುಟಿ ಡಲ್ಲಾಸ್ ಆಯಿತು. ಇವತ್ತು ಭಾರತದಿಂದ ಹೋದ ವಿದ್ಯಾರ್ಥಿಗಳು ಅಲ್ಲಿ ತುಂಬಿದ್ದಾರೆ. ರಿಚರ್ಡ್‌ಸನ್‌ನ ಹೆದ್ದಾರಿ ಪಕ್ಕ ಟೆಲಿಕಾಂ ಕಂಪನಿಗಳು ಸಾಲಾಗಿ ಬಂದವು. ಎಟಿ ಆ್ಯಂಡ್ ಟಿ 2008ರಲ್ಲಿ ಸ್ಯಾನ್ ಆಂಟೋನಿಯೋ ಬಿಟ್ಟು ಇತ್ತ ಬಂತು. ಟೊಯೋಟಾದ ಉತ್ತರ ಅಮೆರಿಕ ಕಚೇರಿ 2017ರಲ್ಲಿ ಪ್ಲೇನೋಗೆ, ಷೇರು ದಲ್ಲಾಳಿ ಕಂಪನಿ ಚಾರ್ಲ್ಸ್ ಶ್ವಾಬ್ 2021ರಲ್ಲಿ ವೆಸ್ಟ್‌ಲೇಕ್‌ಗೆ. ಕ್ಯಾಟರ್‌ಪಿಲ್ಲರ್, ಔಷಧ ಹಂಚುವ ಮೆಕೆಸನ್ ಅರ್ವಿಂಗ್‌ನಲ್ಲಿವೆ. ಅಮೆರಿಕನ್ ಏರ್‌ಲೈನ್ಸ್ ಫೋರ್ಟ್‌ವರ್ತ್‌ನಲ್ಲಿ. ಜೆಪಿ ಮಾರ್ಗನ್, ಕ್ಯಾಪಿಟಲ್ ಒನ್‌ನ ದೊಡ್ಡ ಕ್ಯಾಂಪಸ್‌ಗಳು ಪ್ಲೇನೋದಲ್ಲಿ. ಬ್ಯಾಂಕು, ಫೋನು, ಕಾರು, ವಿಮಾನ, ಔಷಧ, ಚಿಪ್, ಒಂದಕ್ಕೊಂದು ಸಂಬಂಧವಿಲ್ಲ. ಒಂದು ವಲಯ ಮಲಗಿದರೆ ಇನ್ನೊಂದು ಎದ್ದಿರುತ್ತದೆ. ಇವೆಲ್ಲಕ್ಕೂ ಜಾವಾ ಬರೆಯುವವರು, ಡೇಟಾ ಎಂಜಿನಿಯರುಗಳು, ಟೆಸ್ಟಿಂಗ್ ಮಾಡುವವರು ಬೇಕು. ಮಿನುಗುವ ಕೆಲಸಗಳಲ್ಲ ಇವು, ಆದರೆ ಸಂಖ್ಯೆಯಲ್ಲಿ ಬಹಳ.

ಹ್ಯೂಸ್ಟನ್‌ನದು ಆಳ. ಐ-10 ಹೆದ್ದಾರಿಯ ಪಕ್ಕದ ಎನರ್ಜಿ ಕಾರಿಡಾರ್‌ನಲ್ಲಿ ಹಲವು ದೊಡ್ಡ ತೈಲ ಕಂಪನಿಗಳ ಕಚೇರಿಗಳಿವೆ. ಎಕ್ಸಾನ್‌ಮೊಬಿಲ್ 2023ರಲ್ಲಿ ತನ್ನ ಕೇಂದ್ರ ಕಚೇರಿಯನ್ನು ಅರ್ವಿಂಗ್‌ನಿಂದ ಸ್ಪ್ರಿಂಗ್‌ಗೆ ಒಯ್ದಿತು. ಅಂದರೆ ಡಲ್ಲಾಸ್ ಕಡೆಯದನ್ನೇ ಹ್ಯೂಸ್ಟನ್ ಕಸಿದುಕೊಂಡಿತು. ಶೆವ್ರಾನ್ ಕ್ಯಾಲಿಫೋರ್ನಿಯಾ ಬಿಟ್ಟು ಹ್ಯೂಸ್ಟನ್‌ಗೆ ಬರುವುದಾಗಿ 2024ರಲ್ಲಿ ಹೇಳಿತು. ಇನ್ನೊಂದು ಕಡೆ ಟೆಕ್ಸಾಸ್ ಮೆಡಿಕಲ್ ಸೆಂಟರ್, ಜಗತ್ತಿನ ಅತಿ ದೊಡ್ಡ ವೈದ್ಯಕೀಯ ಸಂಕೀರ್ಣ; ಕ್ಯಾನ್ಸರ್ ಚಿಕಿತ್ಸೆಗೆ ಹೆಸರಾದ ಎಂಡಿ ಆಂಡರ್ಸನ್ ಅದರೊಳಗೇ ಇದೆ. ದಕ್ಷಿಣಕ್ಕೆ ನಾಸಾದ ಜಾನ್ಸನ್ ಸ್ಪೇಸ್ ಸೆಂಟರ್, ಪೂರ್ವಕ್ಕೆ ಬಂದರು ಮತ್ತು ರಿಫೈನರಿಗಳ ಸಾಲು. ಕೆಮಿಕಲ್, ಮೆಕ್ಯಾನಿಕಲ್, ಪೆಟ್ರೋಲಿಯಂ ಎಂಜಿನಿಯರಿಗೆ, ಜೀವವಿಜ್ಞಾನದ ಸಂಶೋಧಕರಿಗೆ ಡಲ್ಲಾಸ್ ಇಷ್ಟು ಅವಕಾಶ ಕೊಡಲಾರದು.

ಆಳಕ್ಕೊಂದು ಬೆಲೆಯುಂಟು. ತೈಲದ ದರ ಕುಸಿದರೆ ಹ್ಯೂಸ್ಟನ್ ಒಟ್ಟಿಗೇ ಕೆಮ್ಮುತ್ತದೆ. 1980ರ ದಶಕದಲ್ಲಿ ಹೀಗಾಯಿತು, 2014ರ ಕೊನೆಯಿಂದ 2016ರವರೆಗೆ ಮತ್ತೆ ಆಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ದರ ಬ್ಯಾರೆಲ್‌ಗೆ ಮೈನಸ್ 37 ಡಾಲರಿಗೆ ಇಳಿದಾಗ, ತೈಲ ಕೊಂಡೊಯ್ಯಿರಿ ಎಂದು ಮಾರುವವನೇ ದುಡ್ಡು ಕೊಡುವ ಸ್ಥಿತಿ ಬಂತು. ಅಂಥ ಹೊತ್ತಲ್ಲಿ ತೈಲ ಕಂಪನಿಯ ಐಟಿ ವಿಭಾಗವೂ ನಡುಗುತ್ತದೆ. ‘ನಾನು ಸಾಫ್ಟ್‌ವೇರ್‌ನವ, ತೈಲಕ್ಕೂ ನನಗೂ ಏನು’ ಎನ್ನುವಂತಿಲ್ಲ. ಆಸ್ಪತ್ರೆಗಳ ಕಡೆಯ ಕೆಲಸ ಈ ಏರಿಳಿತದಿಂದ ಬಹುಪಾಲು ಹೊರಗಿದೆ ಎಂಬುದು ಸಮಾಧಾನ.

ಎಚ್‌-1ಬಿ ಎಂಬ ಕೆಲಸದ ವೀಸಾದಲ್ಲಿರುವವರಿಗೆ ಈ ಹರವು–ಆಳದ ಲೆಕ್ಕ ಇನ್ನೂ ಬಿಗಿ. ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ, ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಿರಬೇಕು. ಸಂದರ್ಶನ ಮುಗಿದಿದ್ದರೆ ಸಾಲದು, ಆಫರ್ ಬಂದಿದ್ದರೂ ಸಾಲದು. ಇದರ ಜೊತೆಗೆ ಹೆಚ್ಚಿನವರು ಗಮನಿಸದ ಒಂದು ನಿಯಮವಿದೆ: ವೀಸಾ ಅರ್ಜಿ ಒಂದು ಮಹಾನಗರ ಪ್ರದೇಶಕ್ಕೆ ಅಂಟಿಕೊಂಡಿರುತ್ತದೆ. ಕೆಲಸದ ಜಾಗ ಅದೇ ಪ್ರದೇಶದೊಳಗೆ ಬದಲಾದರೆ ಸಾಮಾನ್ಯವಾಗಿ ಹೊಸ ಅರ್ಜಿ ಬೇಡ; ಹೊರಗೆ ಹೋದರೆ, ಕಂಪನಿ ಅದೇ ಆಗಿದ್ದರೂ, ತಿದ್ದುಪಡಿ ಅರ್ಜಿ ಹಾಕಬೇಕು. ಸಿಮಿಯೋ ಸೊಲ್ಯೂಷನ್ಸ್ ಎಂಬ ಕಂಪನಿಯ ಪ್ರಕರಣದಲ್ಲಿ 2015ರಲ್ಲಿ ಬಂದ ತೀರ್ಪಿನಿಂದ ಇದು ಸ್ಪಷ್ಟವಾಯಿತು. ಡಲ್ಲಾಸ್, ಫೋರ್ಟ್‌ವರ್ತ್, ಆರ್ಲಿಂಗ್ಟನ್ ಸೇರಿ ಸರಕಾರದ ಲೆಕ್ಕದಲ್ಲಿ ಒಂದೇ ಪ್ರದೇಶ. ಗ್ರೀನ್ ಕಾರ್ಡ್‌ನ ಮೊದಲ ಮೆಟ್ಟಿಲಾದ ಪರ್ಮ್ ಕೂಡ ಕೆಲಸದ ಜಾಗವನ್ನು ನೋಡುತ್ತದೆ. ಅದು ನಡೆಯುತ್ತಿರುವಾಗ ಕಂಪನಿ ನಿಮ್ಮನ್ನು ಡಲ್ಲಾಸ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದರೆ ಬಹುತೇಕ ಮತ್ತೆ ಮೊದಲಿನಿಂದ. ಹಾಗಾಗಿ ಆಫರ್ ಕೊಡುವ ಕಂಪನಿ ಎರಡು ವರ್ಷದಲ್ಲಿ ಜಾಗ ಬದಲಿಸುವ ಸಾಧ್ಯತೆ ಇದೆಯೇ ಎಂದು ಕೇಳುವುದು ಅಧಿಕಪ್ರಸಂಗವೇನೂ ಅಲ್ಲ.

ಇನ್ನು ನೀರು. ಹ್ಯೂಸ್ಟನ್ ಬಗ್ಗೆ ಇದನ್ನು ತಿಳಿಯದೆ ಯಾರೂ ಲೀಸ್‌ಗೆ, ಅಂದರೆ ಬಾಡಿಗೆ ಕರಾರಿಗೆ, ಸಹಿ ಹಾಕಬಾರದು.

ನೆಲ ಚಪ್ಪಟೆ, ಮಣ್ಣು ಜೇಡಿ, ಮೆಕ್ಸಿಕೋ ಕೊಲ್ಲಿ 50 ಮೈಲಿ ದೂರ. ಮಳೆನೀರು ಹರಿಯುವುದು ಬಾಯೂ ಎಂದು ಕರೆಯುವ ನಿಧಾನದ ಹೊಳೆಗಳಲ್ಲಿ. ಬಫಲೋ ಬಾಯೂ, ಬ್ರೇಸ್ ಬಾಯೂ, ವೈಟ್ ಓಕ್ ಬಾಯೂ ನಗರದ ನಡುವೆಯೇ ಹೋಗುತ್ತವೆ. ಯಾವ ಜಾಗದಲ್ಲಿ ಏನು ಕಟ್ಟಬಹುದೆಂದು ಹೇಳುವ ಜೋನಿಂಗ್ ಕಾನೂನು ಇಲ್ಲದ್ದು ಅಮೆರಿಕದ ದೊಡ್ಡ ನಗರಗಳಲ್ಲಿ ಹ್ಯೂಸ್ಟನ್ ಒಂದೇ. ಮನೆಯ ಪಕ್ಕವೇ ಕಾರ್ಖಾನೆ ಏಳಬಹುದು. ಬಾಡಿಗೆ ಹದವಾಗಿರಲು ಇದೂ ಒಂದು ಕಾರಣ. ಹುಲ್ಲುಗಾವಲೆಲ್ಲ ಕಾಂಕ್ರೀಟ್ ಆದದ್ದರಲ್ಲೂ ಈ ಸಡಿಲಕ್ಕೆ ಪಾಲಿದೆ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ನಗರದ ಮೇಲೆ ನಿಂತು ಕೆಲವೇ ದಿನಗಳಲ್ಲಿ ಹಲವೆಡೆ ಒಂದು ಮೀಟರಿಗೂ ಹೆಚ್ಚು ಮಳೆ ಸುರಿಸಿತು.

ಆಗ ಆದದ್ದರಲ್ಲಿ ಉದ್ಯೋಗಸ್ಥರು ಅರಿಯಬೇಕಾದ ಒಂದು ಸಂಗತಿಯಿದೆ. ನಗರದ ಪಶ್ಚಿಮಕ್ಕೆ ಆ್ಯಡಿಕ್ಸ್ ಮತ್ತು ಬಾರ್ಕರ್ ಎಂಬ ಎರಡು ಕಟ್ಟೆಗಳಿವೆ. ಡೌನ್‌ಟೌನ್ ಮುಳುಗದಿರಲೆಂದು ಸೇನೆಯ ಎಂಜಿನಿಯರುಗಳು 1940ರ ದಶಕದಲ್ಲಿ ಕಟ್ಟಿದ್ದು. ಉಳಿದ ದಿನಗಳಲ್ಲಿ ಅವು ಒಣಗಿ ಪಾರ್ಕಿನಂತೆ ಕಾಣುತ್ತವೆ. ಕಟ್ಟೆ ತುಂಬಿದರೆ ನೀರು ನಿಲ್ಲಬೇಕಾದ ಜಾಗದ ಅಂಚಿನಲ್ಲೇ ದಶಕಗಳ ಕಾಲ ಬಡಾವಣೆಗಳು ಎದ್ದವು. ಹಾರ್ವಿಯಲ್ಲಿ ಮೇಲ್ಗಡೆಯ ಮನೆಗಳು ತುಂಬಿದ ಕೆರೆಯೊಳಗೆ ಸಿಕ್ಕಿದವು. ಕಟ್ಟೆ ಉಳಿಸಲು ನೀರು ಬಿಟ್ಟಾಗ ಕೆಳಗಿನ ಮನೆಗಳೂ ಮುಳುಗಿದವು. ಇದೆಲ್ಲ ಎನರ್ಜಿ ಕಾರಿಡಾರ್‌ನ ಆಸುಪಾಸು. ಆಫೀಸಿಗೆ ಹತ್ತಿರ ಎಂದು ಮನೆ ಹುಡುಕುವವರು ಹೋಗುವುದೂ ಅಲ್ಲಿಗೇ. ಮೇಯರ್‌ಲ್ಯಾಂಡ್ ಎಂಬ ಹಳೆಯ ಬಡಾವಣೆಗಂತೂ 2015, 2016, 2017, ಮೂರೂ ವರ್ಷ ನೆರೆ ಬಂತು.

ಸರಕಾರದ ನೆರೆ ನಕ್ಷೆಯಲ್ಲಿ ‘ನೂರು ವರ್ಷದ ನೆರೆ’ ಎಂಬ ಗೆರೆ ಇರುತ್ತದೆ. ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂದು ಓದಿಕೊಂಡು ನೆಮ್ಮದಿಯಾಗಿರುವವರುಂಟು. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದರ ಸಾಧ್ಯತೆ. ಹಾರ್ವಿಯಲ್ಲಿ ಆ ಗೆರೆಯ ಹೊರಗಿದ್ದ ಸಾವಿರಾರು ಮನೆಗಳೂ ಮುಳುಗಿದವು. ಮಾಮೂಲಿ ಮನೆ ವಿಮೆ ನೆರೆಯ ನಷ್ಟ ಕೊಡುವುದಿಲ್ಲ. ಬೇರೆಯಾಗಿ ನೆರೆ ವಿಮೆ ಮಾಡಿಸಬೇಕು, ಸರಕಾರದ ಆ ವಿಮೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ. ಚಂಡಮಾರುತದ ಸುದ್ದಿ ಟಿವಿಯಲ್ಲಿ ಬಂದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಬಾಡಿಗೆದಾರರೂ ಮನೆಯೊಳಗಿನ ಸಾಮಾನಿಗೆ ಈ ವಿಮೆ ಮಾಡಿಸಬಹುದು. ಮನೆ ನೆರೆಯ ಗೆರೆಯೊಳಗಿದೆಯೇ, ಕಳೆದ ಐದು ವರ್ಷಗಳಲ್ಲಿ ಮುಳುಗಿತ್ತೇ ಎಂಬುದನ್ನು ಮಾಲೀಕರು ಬಾಡಿಗೆದಾರರಿಗೆ ತಿಳಿಸಬೇಕೆಂಬ ಕಾನೂನು 2022ರಿಂದ ಇದೆ. ಆ ಹಾಳೆಯನ್ನು ಕೇಳಿ ಪಡೆದು ಬಿಡದೆ ಓದಿ. ನೆರೆ ಬಯಲಿನಲ್ಲಿ ಹೊಸ ಮನೆಗಳ ಪಾಯ ಎತ್ತರಿಸಬೇಕೆಂದು ನಗರ 2018ರಲ್ಲಿ ನಿಯಮ ಬಿಗಿ ಮಾಡಿತು. ಆದ್ದರಿಂದ ಮನೆ ಕಟ್ಟಿದ ವರ್ಷವನ್ನೂ ಕೇಳಿ.

ಡಲ್ಲಾಸ್‌ಗೆ ಈ ಭಯ ಇಷ್ಟಿಲ್ಲ, ಬೇರೆಯದಿದೆ. ಮಾರ್ಚ್‌ನಿಂದ ಜೂನ್‌ವರೆಗೆ ಆಲಿಕಲ್ಲು. ಗಾಲ್ಫ್ ಚೆಂಡಿನ ಗಾತ್ರದವು ಬಿದ್ದು ಕಾರಿನ ಗಾಜು, ಮನೆಯ ಮಾಡು ಎರಡನ್ನೂ ಹಾಳುಮಾಡುತ್ತವೆ. ಅಪಾರ್ಟ್‌ಮೆಂಟ್ ನೋಡುವಾಗ ಈಜುಕೊಳದ ಮುಂದೆ ನಿಂತು ಫೋಟೊ ತೆಗೆಯುವ ಬದಲು ಮಾಡು ಇರುವ ಪಾರ್ಕಿಂಗ್ ಇದೆಯೇ ಕೇಳಿ. ಕಾರಿಗೆ ಬರೀ ಲಯಬಿಲಿಟಿ ವಿಮೆ ಇದ್ದರೆ ಆಲಿಕಲ್ಲಿನ ಪೆಟ್ಟಿಗೆ ಒಂದು ಸೆಂಟೂ ಸಿಗದು, ಕಾಂಪ್ರಿಹೆನ್ಸಿವ್ ಬೇಕು. ಮನೆ ಕೊಂಡರೆ ವಿಮೆಯಲ್ಲಿ ಗಾಳಿ–ಆಲಿಕಲ್ಲಿಗೆ ನಿಮ್ಮ ಪಾಲು ಶೇಕಡಾ ಲೆಕ್ಕದಲ್ಲಿ ಬರೆದಿರುತ್ತದೆ: 4 ಲಕ್ಷ ಡಾಲರಿನ ವಿಮೆಗೆ 2 ಶೇಕಡಾ ಎಂದರೆ ಮೊದಲ 8,000 ಡಾಲರ್ ನಿಮ್ಮದೇ ಜೇಬಿನಿಂದ. ಸುಂಟರಗಾಳಿಯೂ ಉಂಟು, 2019ರ ಅಕ್ಟೋಬರ್ 20ರ ರಾತ್ರಿ ಉತ್ತರ ಡಲ್ಲಾಸ್ ಮೂಲಕವೇ ಹಾದುಹೋಯಿತು. ಸೆಕೆಯ ವಿಷಯದಲ್ಲಿ ಹ್ಯೂಸ್ಟನ್‌ನದು ಮಂಗಳೂರಿನವರಿಗೆ ಹೊಸದೆನಿಸದ ಬೆವರಿನ ಸೆಕೆ, ಡಲ್ಲಾಸ್‌ನದು ಒಣ ಝಳ. 2011ರಲ್ಲಿ ಡಲ್ಲಾಸ್‌ನಲ್ಲಿ 71 ದಿನ ಉಷ್ಣಾಂಶ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಸೆಲ್ಸಿಯಸ್ ಮುಟ್ಟಿತ್ತು. ಬೇಸಿಗೆಯಲ್ಲಿ ಅಲ್ಲಿನ ಜೇಡಿಮಣ್ಣು ಒಣಗಿ ಕುಗ್ಗಿ ಪಾಯ ಬಿರುಕು ಬಿಡುತ್ತದೆಂದು ಜನ ಮನೆಯ ಸುತ್ತ ಪೈಪ್ ಹಾಸಿ ಗೋಡೆಯ ಬುಡಕ್ಕೆ ನೀರು ಕುಡಿಸುತ್ತಾರೆ. ಗಿಡಕ್ಕಲ್ಲ, ಮನೆಗೆ.

ಕರೆಂಟಿನ ಪಾಡು ಎರಡೂ ಕಡೆ ಹತ್ತಿರ ಹತ್ತಿರ ಒಂದೇ, ಏಕೆಂದರೆ ಟೆಕ್ಸಾಸ್‌ನ ಬಹುಭಾಗ ದೇಶದ ಉಳಿದ ಗ್ರಿಡ್‌ಗಳಿಂದ ಬೇರೆಯಾಗಿ ನಿಂತಿದೆ. 2021ರ ಫೆಬ್ರವರಿಯ ಹಿಮದಲ್ಲಿ ಡಲ್ಲಾಸ್ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ರಾಜ್ಯದ 45 ಲಕ್ಷ ಮನೆಗಳಿಗೆ ಕರೆಂಟ್ ಹೋಯಿತು. ಹ್ಯೂಸ್ಟನ್‌ಗೆ ಚಂಡಮಾರುತದ ಕಾಟ ಹೆಚ್ಚುವರಿ. 2024ರ ಜುಲೈನಲ್ಲಿ ಬಂದ ಬೆರಿಲ್ ಬಲದಲ್ಲಿ ಸಣ್ಣದು, ಐದು ದರ್ಜೆಗಳಲ್ಲಿ ಅತಿ ಕೆಳಗಿನ ಒಂದನೆಯದು. ಆದರೂ 22 ಲಕ್ಷ ಸಂಪರ್ಕಗಳು ಕತ್ತಲಾದವು, ಕೆಲವರಿಗೆ ವಾರ ಕಳೆದರೂ ಬರಲಿಲ್ಲ, ಅದೂ ಜುಲೈ ಸೆಕೆಯಲ್ಲಿ. ಕರೆಂಟ್ ಮಾರುವ ಕಂಪನಿಯನ್ನು ನೀವೇ ಆರಿಸಬೇಕಾಗುತ್ತದೆ. ಅಲ್ಲೊಂದು ಗಾಳ ಇರುತ್ತದೆ: ‘ತಿಂಗಳಿಗೆ 1,000 ಯೂನಿಟ್ ದಾಟಿದರೆ ಇಷ್ಟು ಡಾಲರ್ ವಾಪಸ್’ ಎಂಬ ಪ್ಲಾನ್‌ಗಳು ಪಟ್ಟಿಯ ಮೇಲ್ಗಡೆ ಅಗ್ಗವಾಗಿ ಕಾಣುತ್ತವೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಒಬ್ಬರೇ ಇದ್ದರೆ ವರ್ಷದ ಬಹುಪಾಲು 1,000 ಮುಟ್ಟುವುದೇ ಇಲ್ಲ, ದುಬಾರಿ ದರವೇ ಗತಿ. 500 ಯೂನಿಟ್‌ಗೆ ದರ ಎಷ್ಟೆಂಬ ಸಾಲು ನೋಡಿ.

ರಸ್ತೆಯ ವಿಷಯದಲ್ಲಿ ಯಾವ ಊರನ್ನೂ ಹೊಗಳುವಂತಿಲ್ಲ. ಹ್ಯೂಸ್ಟನ್‌ನ ಕೇಟಿ ಫ್ರೀವೇಯನ್ನು 2008ರಲ್ಲಿ ಅಗಲಿಸಿ, ಪಕ್ಕದ ರಸ್ತೆಗಳನ್ನೂ ಸೇರಿಸಿ ಕೆಲವೆಡೆ 26 ಲೇನ್ ಮಾಡಿದರು. ಕೆಲವೇ ವರ್ಷಗಳಲ್ಲಿ ಅದೂ ತುಂಬಿತು. ಅಗಲ ಮಾಡಿದಷ್ಟೂ ಜನ ದೂರ ದೂರ ಮನೆ ಮಾಡಿದರು. ಡಲ್ಲಾಸ್‌ನ ಉತ್ತರ ಸಬರ್ಬ್‌ಗಳಲ್ಲಿ ಟೋಲ್ ಇಲ್ಲದ ವೇಗದ ದಾರಿ ಅಪರೂಪ, ತಿಂಗಳ ಟೋಲ್ ಬಿಲ್ಲನ್ನು ಬಾಡಿಗೆಗೆ ಕೂಡಿಸಿಯೇ ಹೋಲಿಸಿ. ರೈಲಿನ ಮಟ್ಟಿಗೆ ಡಲ್ಲಾಸ್ ಮುಂದು: ಅಲ್ಲಿನ ಸಾರ್ವಜನಿಕ ಸಾರಿಗೆ ಸಂಸ್ಥೆ ಡಾರ್ಟ್‌ನ ಲೈಟ್ ರೈಲು 93 ಮೈಲಿ, ವಿಮಾನ ನಿಲ್ದಾಣದವರೆಗೂ ಹೋಗುತ್ತದೆ. ಆದರೆ ನಮ್ಮವರು ಹೆಚ್ಚಾಗಿ ಮನೆ ಮಾಡುವ ಫ್ರಿಸ್ಕೋ, ಆ್ಯಲನ್, ಮೆಕಿನ್ನಿ ಡಾರ್ಟ್‌ಗೆ ಸೇರಿಲ್ಲ. ಹ್ಯೂಸ್ಟನ್‌ನ ರೈಲು ಚಿಕ್ಕದಾದರೂ ಅದರ ಕೆಂಪು ಮಾರ್ಗ ಡೌನ್‌ಟೌನ್, ಮಿಡ್‌ಟೌನ್, ಮ್ಯೂಸಿಯಂಗಳು, ಮೆಡಿಕಲ್ ಸೆಂಟರ್ ಎಲ್ಲವನ್ನೂ ಒಂದೇ ಗೆರೆಯಲ್ಲಿ ಜೋಡಿಸುತ್ತದೆ. ಮೆಡಿಕಲ್ ಸೆಂಟರ್‌ನಲ್ಲಿ ಕೆಲಸವಿದ್ದು ಆ ಗೆರೆಯ ಮೇಲೆ ಮನೆ ಸಿಕ್ಕರೆ ಟೆಕ್ಸಾಸ್‌ನಲ್ಲೂ ಕಾರಿಲ್ಲದೆ ಬದುಕಬಹುದು. ಅಂಥ ಅದೃಷ್ಟವಂತರು ಕಡಿಮೆ.

ಕೊಳ್ಳುವ ಮನೆಯ ಬೆಲೆ ಹ್ಯೂಸ್ಟನ್ ಕಡೆ ಸಾಮಾನ್ಯವಾಗಿ ಕಡಿಮೆ. ಆದರೆ ಆದಾಯ ತೆರಿಗೆಯಲ್ಲಿ ಬಿಟ್ಟುಕೊಟ್ಟದ್ದನ್ನು ಆಸ್ತಿ ತೆರಿಗೆಯಲ್ಲಿ ವಸೂಲು ಮಾಡುವುದು ಎರಡೂ ಕಡೆ ಇದೆ. ಹ್ಯೂಸ್ಟನ್‌ನ ಹೊರವಲಯದ ಹೊಸ ಬಡಾವಣೆಗಳಲ್ಲಂತೂ ನೀರು–ಚರಂಡಿ ಹಾಕಿಸಿದ ಸಾಲ ತೀರಿಸಲು ಮಡ್ ಎಂಬ ಇನ್ನೊಂದು ತೆರಿಗೆ ಮೇಲೆ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಮನೆ ಕೊಳ್ಳುವ ಆತುರ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಜೆ ಮತ್ತು ಶನಿವಾರಗಳ ಲೆಕ್ಕಕ್ಕೆ ಬಂದರೆ ನನಗೆ ಹ್ಯೂಸ್ಟನ್ನೇ ಇಷ್ಟ. ವಿಯೆಟ್ನಾಂನಿಂದ ಬಂದವರು ಲೂಸಿಯಾನದ ಕ್ರಾಫಿಶ್‌ಗೆ ಬೆಣ್ಣೆ–ಬೆಳ್ಳುಳ್ಳಿ ಸುರಿದು ಹೊಸದೇ ಅಡುಗೆ ಮಾಡಿದ ಊರದು; ನೈಜೀರಿಯಾದ, ಮೆಕ್ಸಿಕೋದ, ಪಾಕಿಸ್ತಾನದ ಹೋಟೆಲುಗಳು ಒಂದೇ ಬೀದಿಯಲ್ಲಿ ಸಿಗುತ್ತವೆ. ಹಿಲ್‌ಕ್ರಾಫ್ಟ್ ಬೀದಿಯ ಸುತ್ತಲ ಪ್ರದೇಶಕ್ಕೆ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂದೇ ಹೆಸರು. ಪಿಯರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನ ಹಳೆಯದು, ಭಾರತದ ಕಾನ್ಸುಲೇಟ್ ಇರುವುದೂ ಹ್ಯೂಸ್ಟನ್‌ನಲ್ಲೇ. ಮೆನಿಲ್ ಕಲಾಸಂಗ್ರಹ ನೋಡಲು ದುಡ್ಡು ಕೊಡಬೇಕಿಲ್ಲ. ಡಲ್ಲಾಸ್ ಕಡೆ ಮನೆಮಂದಿಯ ಬದುಕು ಹೆಚ್ಚು: ಫ್ರಿಸ್ಕೋದ ಹನುಮಾನ್ ದೇವಸ್ಥಾನ, ಶಾಲೆಯ ರ‍್ಯಾಂಕು, ಹುಟ್ಟುಹಬ್ಬದ ಪಾರ್ಟಿಗಳು. ಒಂಟಿಯಾಗಿರುವ 25ರ ಹುಡುಗಿಗೋ ಹುಡುಗನಿಗೋ ಫ್ರಿಸ್ಕೋದ ಶನಿವಾರ ಸಂಜೆ ಬಹಳ ಉದ್ದ ಎನಿಸಬಹುದು. ಡಲ್ಲಾಸ್‌ನ ಅಪ್‌ಟೌನ್ ಕಡೆ ಮನೆ ಮಾಡಿದರೆ ಆ ದೂರಿಲ್ಲ, ಬಾಡಿಗೆ ಜಾಸ್ತಿ. ಕ್ರಿಕೆಟ್ ಹುಚ್ಚಿದ್ದವರಿಗೆ ಮಾತ್ರ ಡಲ್ಲಾಸ್ ಬಿಡುವುದು ಕಷ್ಟ. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿದ್ದು ಅಲ್ಲಿನ ಗ್ರ್ಯಾಂಡ್ ಪ್ರೇರಿ ಮೈದಾನದಲ್ಲಿ. ಕನ್ನಡದ ಬರವೇನೂ ಎಲ್ಲೂ ಇಲ್ಲ. ಹ್ಯೂಸ್ಟನ್‌ನಲ್ಲಿ ಕನ್ನಡ ವೃಂದ, ಡಲ್ಲಾಸ್‌ನಲ್ಲಿ ಮಲ್ಲಿಗೆ ಕನ್ನಡ ಸಂಘ; ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ 2000ದಲ್ಲಿ ಹ್ಯೂಸ್ಟನ್‌ನಲ್ಲಿ, 2018ರಲ್ಲಿ ಡಲ್ಲಾಸ್‌ನಲ್ಲಿ ನಡೆದಿದೆ. ಊರಿಗೆ ಬರುವ ವಿಮಾನಕ್ಕೂ ದೊಡ್ಡ ವ್ಯತ್ಯಾಸವಿಲ್ಲ, ದುಬೈಗೋ ದೋಹಾಗೋ ಎರಡೂ ಕಡೆಯಿಂದ ನೇರ ವಿಮಾನ ಉಂಟು.

ಇಷ್ಟನ್ನೂ ಇಟ್ಟುಕೊಂಡು ಯಾರಾದರೂ ನನ್ನನ್ನು ಕೇಳಿದರೆ: ವೀಸಾದಲ್ಲಿರುವ ಸಾಫ್ಟ್‌ವೇರ್ ಅಥವಾ ಬ್ಯಾಂಕಿಂಗ್ ಕಡೆಯವರಿಗೆ, ಸಂಬಳ ಸ್ವಲ್ಪ ಕಡಿಮೆಯಾದರೂ, ಡಲ್ಲಾಸ್. ಎಂಜಿನಿಯರಿಂಗ್‌ನ ಹಳೆಯ ಶಾಖೆಗಳವರಿಗೆ, ಆಸ್ಪತ್ರೆ–ಸಂಶೋಧನೆಯವರಿಗೆ ಕಣ್ಣು ಮುಚ್ಚಿ ಹ್ಯೂಸ್ಟನ್. ತೈಲ ಕಂಪನಿಯ ಐಟಿ ಆಫರ್ ಆದರೆ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಕೂಡಿಡುವವರೆಗೆ ಹೊಸ ಕಾರಿನ ಸಾಲ ಮಾಡಬೇಡಿ. ಗ್ರೀನ್ ಕಾರ್ಡ್ ಕೈಗೆ ಬಂದವರಿಗೆ ಈ ನಿರ್ಬಂಧ ಯಾವುದೂ ಇಲ್ಲ, ಊಟ ಚೆನ್ನಾಗಿರುವ ಊರಿಗೆ ಹೋಗಲಿ.

ಸಹಿ ಹಾಕುವ ಮೊದಲು ಸಾಧ್ಯವಾದರೆ ಒಂದು ಮಂಗಳವಾರ ಬೆಳಗ್ಗೆ ಎಂಟಕ್ಕೆ, ನೋಡಿಟ್ಟ ಮನೆಯಿಂದ ಆಫೀಸಿನವರೆಗೆ ಕಾರು ಓಡಿಸಿ ನೋಡಿ. ಭಾನುವಾರ ನೋಡಿದ ರಸ್ತೆಯೇ ಬೇರೆ. ಹ್ಯೂಸ್ಟನ್ ಆದರೆ ಹ್ಯಾರಿಸ್ ಕೌಂಟಿಯ ನೆರೆ ನಕ್ಷೆಯಲ್ಲಿ ಆ ವಿಳಾಸ ಹಾಕಿ, ಅಪಾರ್ಟ್‌ಮೆಂಟ್‌ನಲ್ಲಿ ಎರಡನೇ ಮಹಡಿ ಕೇಳಿ. ಗ್ಯಾರೇಜಿನ ಕಾರಿಗೆ ಮಹಡಿ ಇಲ್ಲ ಎಂಬುದೂ ನೆನಪಿರಲಿ. ಮೊದಲ ಲೀಸ್ ಡಿಸೆಂಬರ್ ಅಥವಾ ಜನವರಿಯಲ್ಲಿ ಮುಗಿಯುವಂತೆ ತಿಂಗಳು ಎಣಿಸಿ ಹಾಕಿಸಿಕೊಳ್ಳಿ. ಆ ಹೊತ್ತಿಗೆ ಮನೆ ಬದಲಿಸುವವರು ಕಡಿಮೆ ಇರುವುದರಿಂದ ಎರಡೂ ಊರುಗಳಲ್ಲಿ ‘ಒಂದು ತಿಂಗಳು ಉಚಿತ’ ಎಂಬ ಫಲಕಗಳು ಹೆಚ್ಚು ಕಾಣುತ್ತವೆ, ಚೌಕಾಸಿಗೂ ಜಾಗವಿರುತ್ತದೆ.